ಹೊಸ ರಿಂಗು, ಹಳೆಯ ಹೊಗೆ

ಪರಿಸರ ಉಳಿಸುವ ಮಾತು ಬಂದಾಗ ಬೆಟ್ಟದ ಹಳ್ಳಿಗಳಲ್ಲಿ ಮೊದಲು ನೆನಪಾಗುವುದು ಅಣೆಕಟ್ಟು, ಗಣಿಗಾರಿಕೆ, ನದಿ ತಿರುವು, ಕಾಡನ್ನು ಸೀಳಿಕೊಂಡು ಹೋಗುವ ವಿದ್ಯುತ್ ಮಾರ್ಗ. ಇವೆಲ್ಲ ದೊಡ್ಡ ಸಂಗತಿಗಳು. ಇವುಗಳ ವಿರುದ್ಧ ಧ್ವನಿ ಎತ್ತುವುದು ಅನಿವಾರ್ಯವೂ ಹೌದು. ಆದರೆ ಅದೇ ಹಳ್ಳಿಯ ಅಡಕೆ ತೋಟದ ಅಂಚಿನಲ್ಲಿ ನೀಲಿ ಹೊಗೆ ಉಗುಳುತ್ತ ದಿನವಿಡೀ ಓಡುವ ಸಿಂಪಡಣೆಯ ಎಂಜಿನ್ನಿನ ಬಗ್ಗೆ ಯಾವ ಸಭೆಯಲ್ಲಿಯೂ ಠರಾವು ಆಗುವುದಿಲ್ಲ. ಅದು ಸಣ್ಣದು, ಮನೆಯದು, ಮಳೆಗಾಲದ ಕೆಲವೇ ದಿನಗಳ ಕೆಲಸದ್ದು ಎಂಬ ಸಮಾಧಾನ. ಹೀಗೆ ಸಮಾಧಾನ ಮಾಡಿಕೊಂಡ ಮನೆಗಳ ಸಂಖ್ಯೆಯನ್ನು ಕೂಡಿಸಿದಾಗ ಮಾತ್ರ ಹೊಗೆಯ ನಿಜವಾದ ಪ್ರಮಾಣ ತಿಳಿಯುತ್ತದೆ.

ಸವೆದ ಎಂಜಿನ್ನಿಗೆ ಹೊಸ ಪಿಸ್ಟನ್ ರಿಂಗ್ ಹಾಕಿಸಿದರೆ ಹೊಗೆ ನಿಲ್ಲುತ್ತದೆಂದು ಎಲ್ಲರೂ ನಂಬುತ್ತಾರೆ. ಎಷ್ಟೋ ಸಲ ಅದು ನಿಲ್ಲುವುದಿಲ್ಲ. ರಿಂಗ್ ಹಾಕುವ ಮೊದಲು ಸಿಲಿಂಡರಿನ ಒಳಗೋಡೆಯನ್ನು ಅಳೆದು, ಅಗತ್ಯವಿದ್ದಲ್ಲಿ ಹೋನಿಂಗ್ ಮಾಡಿ, ತೊಳೆದು ಶುದ್ಧಗೊಳಿಸುವ ಕೆಲಸವನ್ನು ಬಿಟ್ಟುಬಿಡುವುದೇ ಇದಕ್ಕೆ ಒಂದು ಮುಖ್ಯ ಕಾರಣ. ಅರ್ಧ ದಿನದ ಈ ಕೆಲಸ ಯಂತ್ರಶಾಸ್ತ್ರದ ವಿಷಯವೆಂದು ತೋರಿದರೂ ಗಾಳಿಗೆ, ನೀರಿಗೆ, ರೈತನ ಜೇಬಿಗೆ ನೇರವಾಗಿ ಸಂಬಂಧಿಸಿದ್ದು. ಆದ್ದರಿಂದ ಅದು ಪರಿಸರ ಚಳವಳಿಯ ಕಾರ್ಯಸೂಚಿಯಲ್ಲಿಯೂ ಇರಬೇಕಾದದ್ದು.

ಬಯಲಿನ ಪಾಠ

ಈ ಮಾತನ್ನು ಪರೀಕ್ಷಿಸಲು ಬೆಟ್ಟದಿಂದ ಇಳಿದು ವಿಜಯಪುರ ಜಿಲ್ಲೆಗೆ ಹೋಗುವುದು ಒಳಿತು. ವಿಜಯಪುರ ನಗರದ ಪಶ್ಚಿಮಕ್ಕೆ ಅಥಣಿಯ ದಾರಿಯಲ್ಲಿ ತಿಕೋಟಾ. ಜಮಖಂಡಿಯ ದಾರಿಯಲ್ಲಿ ಬಬಲೇಶ್ವರ. ಹಿಂದೆ ಹೋಬಳಿಗಳಾಗಿದ್ದ ಇವೆರಡೂ ಈಗ ತಾಲ್ಲೂಕು ಕೇಂದ್ರಗಳು. ಸುತ್ತಲೂ ಕಪ್ಪು ಮಣ್ಣಿನ ಎರೆಭೂಮಿ, ಜೋಳ, ಕಬ್ಬು, ದಾಳಿಂಬೆ, ಎಲ್ಲಕ್ಕಿಂತ ಹೆಚ್ಚಾಗಿ ದ್ರಾಕ್ಷಿ. ತಿಕೋಟಾ ಸೀಮೆಯ ಒಣದ್ರಾಕ್ಷಿಯ ಶೆಡ್ಡುಗಳನ್ನು ಕಂಡವರಿಗೆ ಅಲ್ಲಿನ ಬೇಸಾಯ ಯಂತ್ರವನ್ನು ಎಷ್ಟು ನೆಚ್ಚಿಕೊಂಡಿದೆಯೆಂದು ಹೇಳಬೇಕಾಗಿಲ್ಲ. ದ್ರಾಕ್ಷಿಗೆ ಏಪ್ರಿಲಿನಲ್ಲಿ ಒಂದು, ಅಕ್ಟೋಬರಿನಲ್ಲಿ ಒಂದು ಚಾಟನಿ. ಅಕ್ಟೋಬರಿನ ಚಾಟನಿಯ ನಂತರ ಬೂದಿರೋಗ, ದವಣಿರೋಗಗಳ ಭಯದಿಂದ ಸಿಂಪಡಣೆಯ ಮೇಲೆ ಸಿಂಪಡಣೆ. ಟ್ರ್ಯಾಕ್ಟರ್ ಬ್ಲೋವರ್ ಇಲ್ಲದ ಚಿಕ್ಕ ಹಿಡುವಳಿಯಲ್ಲಿ ಸಣ್ಣ ಪೆಟ್ರೋಲ್ ಅಥವಾ ಡೀಸೆಲ್ ಎಂಜಿನ್ನಿಗೆ ಕೂಡಿಸಿದ ಪಂಪೇ ಗತಿ. 2023ರ ಬರದಂಥ ವರ್ಷಗಳಲ್ಲಿ ಬಳ್ಳಿ ಉಳಿಸಲು ಟ್ಯಾಂಕರಿನಲ್ಲಿ ನೀರು ತಂದು ಹಾಕುವ ಸೀಮೆಯಿದು. ಅಲ್ಲಿಯೂ ನೀರೆತ್ತಲು ಎಂಜಿನ್ನೇ ಬೇಕು. ತುಬಚಿ-ಬಬಲೇಶ್ವರ ಮತ್ತು ಮುಳವಾಡ ಏತ ನೀರಾವರಿ ಯೋಜನೆಗಳು ಕೃಷ್ಣೆಯ ನೀರನ್ನು ಈ ಭಾಗಕ್ಕೆ ಏರಿಸಿವೆ. ಆದರೆ ಕಾಲುವೆಯಿಂದ ಹೊಲದ ತಲೆಯವರೆಗಿನ ಕೊನೆಯ ಏರನ್ನು ಸಣ್ಣ ಪಂಪೇ ಏರಿಸಬೇಕಾದ ಸ್ಥಳಗಳು ಉಳಿದೇ ಇರುತ್ತವೆ.

ಈ ಸೀಮೆಗೂ ಎಂಜಿನ್ನಿಗೂ ಹಳೆಯ ನಂಟು. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಜನಿಸಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ ಬೆಳಗಾವಿಯಲ್ಲಿ ಸೈಕಲ್ ಅಂಗಡಿಯಿಂದ ಆರಂಭಿಸಿ ಕಬ್ಬಿಣದ ನೇಗಿಲಿಗೆ ಬಂದರು. ಅವರ ಮನೆತನದ ಉದ್ಯಮ 1946ರಲ್ಲಿ ಪುಣೆಯಲ್ಲಿ ಡೀಸೆಲ್ ಎಂಜಿನ್ ತಯಾರಿಕೆಗೆ ಪ್ರತ್ಯೇಕ ಕಂಪನಿಯನ್ನೇ ಸ್ಥಾಪಿಸಿತು. ಕಪಿಲೆ ಹೂಡಿದ್ದ ಬಾವಿಗಳ ಮೇಲೆ ಎಂಜಿನ್ ಕೂತದ್ದು ಆ ಕಾಲದ ಕಥೆ. ಎಂಜಿನ್ನಿನ ಬೆನ್ನಿಗೇ ದುರಸ್ತಿಯ ವಿದ್ಯೆಯೂ ಬಂದಿತು. ಲೇತ್ ಅಂಗಡಿ, ಬೋರಿಂಗ್ ಯಂತ್ರ, ಕಿವಿಗೊಟ್ಟು ಶಬ್ದ ಕೇಳಿಯೇ ರೋಗ ಹೇಳುವ ಮಿಸ್ತ್ರಿ, ಇವೆಲ್ಲ ವಿಜಯಪುರದಂಥ ನಗರಗಳು ಹಳ್ಳಿಗಳಿಗೆ ಕೊಟ್ಟ ಕೊಡುಗೆ. “ಎಂಜಿನ್ ಬೋರಿಗೆ ಬಂದೈತಿ” ಎಂಬ ಒಂದು ಮಾತಿನಲ್ಲಿ ರೈತನಿಗೂ ಮಿಸ್ತ್ರಿಗೂ ಎಲ್ಲ ಅರ್ಥವಾಗುತ್ತಿತ್ತು.

ಈ ವಿದ್ಯೆ ಇಂದು ಎರಡು ಕಡೆಯಿಂದ ಸೊರಗುತ್ತಿದೆ. ಒಂದು ಕಡೆ ಅವಸರ. ಔಷಧ ಹೊಡೆಯುವ ಹಂಗಾಮಿನ ನಡುವೆ ಎಂಜಿನ್ ಕೈಕೊಟ್ಟಾಗ “ರಿಂಗ್ ಅಷ್ಟ ಹಾಕಿ ಕೊಡ್ರಿ, ಸಂಜೀಕ ಸ್ಪ್ರೇ ಮಾಡೋದೈತಿ” ಎಂಬ ಒತ್ತಡದ ಎದುರು ಮಿಸ್ತ್ರಿಯ ವಿವೇಕ ನಿಲ್ಲುವುದಿಲ್ಲ. ಇನ್ನೊಂದು ಕಡೆ, ಬಿಡಿಭಾಗವೇ ಸಿಗದ ಅಗ್ಗದ ಎಂಜಿನ್ನುಗಳು. ಅವನ್ನು ಬಿಚ್ಚುವುದಕ್ಕಿಂತ ಎಸೆಯುವುದೇ ಸುಲಭ. ಅವಸರದ ದುರಸ್ತಿ ಹೊಗೆಯನ್ನು ಉಳಿಸುತ್ತದೆ; ಎಸೆಯುವ ಅಭ್ಯಾಸ ಗುಜರಿಯನ್ನು ಬೆಳೆಸುತ್ತದೆ.

ಗಾಜಿನಂತಾದ ಗೋಡೆ

ಹೋನಿಂಗ್ ಏಕೆ ಬೇಕೆಂಬುದನ್ನು ತಿಳಿಯಲು ಎಂಜಿನ್ನಿನ ಒಳಗೆ ನಡೆಯುವುದನ್ನು ನೋಡಬೇಕು. ನಿಮಿಷಕ್ಕೆ 3000 ಸುತ್ತು ತಿರುಗುವ ಎಂಜಿನ್ನಿನಲ್ಲಿ ಪಿಸ್ಟನ್ ನಿಮಿಷಕ್ಕೆ 6000 ಸಲ ಸಿಲಿಂಡರಿನ ಒಂದು ತುದಿಯಿಂದ ಇನ್ನೊಂದು ತುದಿಗೆ ಓಡುತ್ತದೆ. ಒಂದು ಗಂಟೆಗೆ 3 ಲಕ್ಷ 60 ಸಾವಿರ ಓಟ. ಈ ಓಟದುದ್ದಕ್ಕೂ ಗೋಡೆಗೆ ಒತ್ತಿಕೊಂಡೇ ಸಾಗುವ ರಿಂಗುಗಳು ಮೂರು ಕೆಲಸ ಮಾಡುತ್ತವೆ: ಮೇಲಿನ ಉರಿಯ ಒತ್ತಡ ಕೆಳಗೆ ಸೋರದಂತೆ ತಡೆಯುತ್ತವೆ; ಕೆಳಗಿನ ಎಣ್ಣೆ ಮೇಲೇರದಂತೆ ಗೀಚಿ ಇಳಿಸುತ್ತವೆ; ಪಿಸ್ಟನ್ನಿನ ಬಿಸಿಯನ್ನು ಗೋಡೆಗೆ ದಾಟಿಸುತ್ತವೆ.

ಹೊಸ ಸಿಲಿಂಡರಿನ ಗೋಡೆ ಕನ್ನಡಿಯಂತೆ ನುಣುಪಾಗಿರುವುದಿಲ್ಲ. ಅದರ ಮೇಲೆ ಓರೆಯಾಗಿ ಒಂದನ್ನೊಂದು ಕತ್ತರಿಸುವ ಸೂಕ್ಷ್ಮ ಗೆರೆಗಳ ಜಾಲವಿರುತ್ತದೆ. ಆ ಗೆರೆಗಳಲ್ಲಿ ಎಣ್ಣೆ ನಿಲ್ಲುತ್ತದೆ. ಹೊಸ ರಿಂಗಿನ ಅಂಚು ಆ ಗೆರೆಗಳ ಏಣಿಗೆ ತಿಕ್ಕಿ ಗೋಡೆಯ ಆಕಾರಕ್ಕೆ ಒಗ್ಗಿಕೊಳ್ಳುತ್ತದೆ. ನೂರಾರು ಗಂಟೆ ಓಡಿದ ಮೇಲೆ ಈ ಜಾಲ ಸವೆದು ಹೋಗುತ್ತದೆ. ಉರಿದ ಎಣ್ಣೆಯ ಲೇಪವೂ ಸೇರಿ ಗೋಡೆ ಗಾಜಿನಂತೆ ಹೊಳೆಯುತ್ತದೆ. ಹೊಳಪು ಕಂಡು ಸಿಲಿಂಡರ್ ಚೆನ್ನಾಗಿದೆಯೆಂದು ತಿಳಿಯುವವರುಂಟು. ವಾಸ್ತವವಾಗಿ ಆ ಹೊಳಪಿನ ಮೇಲೆ ಹೊಸ ರಿಂಗ್ ಜಾರುತ್ತದೆಯೇ ಹೊರತು ಒಗ್ಗುವುದಿಲ್ಲ. ಒತ್ತಡ ಕೆಳಗೆ ಸೋರುತ್ತದೆ, ಎಣ್ಣೆ ಮೇಲೇರಿ ಉರಿಯುತ್ತದೆ. ಹಣ ಕೊಟ್ಟು ಹೊಸ ರಿಂಗ್ ಹಾಕಿಸಿದ ಮೇಲೂ ಹಳೆಯ ಹೊಗೆ ಮುಂದುವರಿಯುವುದು ಹೀಗೆ.

ಬಯಲಿನಲ್ಲಿ ಈ ಸವೆತಕ್ಕೆ ಧೂಳು ನೆರವಾಗುತ್ತದೆ. ಗಾಳಿಯ ಫಿಲ್ಟರ್ ಹರಿದಿದ್ದರೆ ಅಥವಾ ಇಲ್ಲವೇ ಇಲ್ಲದಿದ್ದರೆ, ಧೂಳಿನಲ್ಲಿರುವ ಬೆಣಚುಕಲ್ಲಿನ ಕಣಗಳು ಒಳಗೆ ಹೋಗಿ ಕಬ್ಬಿಣವನ್ನು ಅರೆಯುತ್ತವೆ. ಬೆಣಚು ಕಬ್ಬಿಣಕ್ಕಿಂತ ಗಟ್ಟಿ. ಬೆಟ್ಟದಲ್ಲಿ ಶತ್ರು ಬೇರೆ. ಅಡಕೆಗೆ ಬೋರ್ಡೋ ಹೊಡೆದು ಮುಗಿದ ಮೇಲೆ ಮೂಲೆ ಸೇರಿದ ಎಂಜಿನ್ ಮುಂದಿನ ಮುಂಗಾರಿನವರೆಗೆ ತೇವದಲ್ಲಿಯೇ ಕೂರುತ್ತದೆ. ಸಿಲಿಂಡರಿನಲ್ಲಿ ತುಕ್ಕಿನ ಚುಕ್ಕೆ ಮೂಡುತ್ತದೆ, ರಿಂಗುಗಳು ತಮ್ಮ ಗಾಡಿಯಲ್ಲಿಯೇ ಅಂಟಿಕೊಳ್ಳುತ್ತವೆ. ತಿಕೋಟಾದ ಎಂಜಿನ್ ದುಡಿದು ಕೆಟ್ಟರೆ ಮಲೆನಾಡಿನದು ಕುಳಿತು ಕೆಡುತ್ತದೆ. ಎರಡರ ಹೊಗೆಯ ಬಣ್ಣ ಒಂದೇ.

ಅಳೆದು ನೋಡುವುದು ಮೊದಲು

ಹೋನಿಂಗ್ ಸರ್ವರೋಗ ನಿವಾರಕವಲ್ಲ. ನೀಲಿ ಹೊಗೆ ವಾಲ್ವಿನ ಗೈಡ್ ಸವೆದರೂ ಬರುತ್ತದೆ. ಆದ್ದರಿಂದ ಬಿಚ್ಚುವ ಮೊದಲೇ ಕಂಪ್ರೆಶನ್ ನೋಡಬೇಕು. ಪೆಟ್ರೋಲ್ ಎಂಜಿನ್ನಿನ ಪ್ಲಗ್ ತೆಗೆದು ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆದಾಗ ಒತ್ತಡ ಏರಿದರೆ ದೋಷ ರಿಂಗಿನಲ್ಲಿ ಅಥವಾ ಸಿಲಿಂಡರಿನಲ್ಲಿ. ಏರದಿದ್ದರೆ ವಾಲ್ವನ್ನು ನೋಡಬೇಕು. ಪೆಟ್ರೋಲಿಗೆ ಎಣ್ಣೆ ಬೆರೆಸಿ ಓಡಿಸುವ ಟೂ ಸ್ಟ್ರೋಕ್ ವೀಡ್ ಕಟ್ಟರಿನಲ್ಲಿ ಸ್ವಲ್ಪ ನೀಲಿ ಹೊಗೆ ಸಹಜ. ಅಲ್ಲಿ ಹೊಗೆಗಿಂತ ಕಂಪ್ರೆಶನ್ನೇ ನಂಬಲರ್ಹ ಸಾಕ್ಷಿ.

ಬಿಚ್ಚಿದ ಮೇಲೆ ಅಳೆಯುವ ವಿಧಾನವೊಂದನ್ನು ಪ್ರೌಢಶಾಲೆಯ ಗಣಿತ ಬಲ್ಲ ವಿದ್ಯಾರ್ಥಿಯೂ ಮಾಡಬಹುದು. ದುಬಾರಿ ಬೋರ್ ಗೇಜ್ ಇಲ್ಲದ ಕಡೆ ಹೊಸ ರಿಂಗನ್ನೇ ಅಳತೆಗೋಲಾಗಿ ಬಳಸುವ ಉಪಾಯವಿದು. ರಿಂಗನ್ನು ಸಿಲಿಂಡರಿನೊಳಗಿಟ್ಟು ಪಿಸ್ಟನ್ನಿನ ತಲೆಯಿಂದ ನೇರವಾಗಿ ತಳ್ಳಬೇಕು. ಸವೆಯದ ಕೆಳಭಾಗದಲ್ಲಿ ಒಮ್ಮೆ, ಹೆಚ್ಚು ಸವೆಯುವ ಮೇಲ್ಭಾಗದಲ್ಲಿ ಒಮ್ಮೆ ರಿಂಗಿನ ಬಾಯಿಯ ಸಂದನ್ನು ಫೀಲರ್ ಗೇಜಿನಿಂದ ಅಳೆಯಬೇಕು. ವೃತ್ತದ ಪರಿಧಿ ವ್ಯಾಸದ 3.14 ಪಟ್ಟು. ಆದ್ದರಿಂದ ಎರಡು ಸಂದುಗಳ ವ್ಯತ್ಯಾಸವನ್ನು 3.14ರಿಂದ ಭಾಗಿಸಿದರೆ ಸಿಲಿಂಡರ್ ಮೇಲ್ಭಾಗದಲ್ಲಿ ಎಷ್ಟು ಅಗಲವಾಗಿದೆಯೆಂಬುದು ಸಿಗುತ್ತದೆ. ಕೆಳಗೆ 0.30 ಮಿಲಿಮೀಟರ್, ಮೇಲೆ 0.70 ಇದ್ದರೆ ವ್ಯತ್ಯಾಸ 0.40, ಭಾಗಿಸಿದಾಗ ಸುಮಾರು 0.13 ಮಿಲಿಮೀಟರ್ ಸವೆತ. ತಯಾರಕರ ಕೈಪಿಡಿಯಲ್ಲಿ ಸವೆತದ ಮಿತಿ ಇರುತ್ತದೆ. ಸಣ್ಣ ಎಂಜಿನ್ನುಗಳಲ್ಲಿ ಅದು ಸಾಮಾನ್ಯವಾಗಿ ಒಂದು ಮಿಲಿಮೀಟರಿನ ಹತ್ತನೆಯ ಒಂದು ಭಾಗದ ಆಸುಪಾಸು. ಮಿತಿ ಮೀರಿದ್ದರೆ, ಸಿಲಿಂಡರ್ ಅಂಡಾಕಾರಕ್ಕೆ ತಿರುಗಿದ್ದರೆ ಅಥವಾ ಉಗುರಿಗೆ ತಗಲುವಷ್ಟು ಆಳದ ಗೀರುಗಳಿದ್ದರೆ ಹೋನಿಂಗ್ ವ್ಯರ್ಥ. ಆಗ ನಗರಕ್ಕೆ ಒಯ್ದು ಬೋರಿಂಗ್ ಮಾಡಿಸಿ ಓವರ್‌ಸೈಜ್ ಪಿಸ್ಟನ್ ಹಾಕಿಸಬೇಕು, ಇಲ್ಲವೇ ಲೈನರ್ ಬದಲಿಸಬೇಕು.

ಸವೆತ ಮಿತಿಯೊಳಗಿದ್ದರೆ ಮಾತ್ರ ಹೋನಿಂಗಿನ ಸರದಿ. ಸ್ಪ್ರಿಂಗ್ ಒತ್ತಡದ ಮೂರು ಕಲ್ಲಿನ ಹೋನನ್ನು ನಿಧಾನ ತಿರುಗುವ ಕೈ ಡ್ರಿಲ್ಲಿಗೆ ಕೂಡಿಸಿ, ಕಲ್ಲುಗಳಿಗೆ ಧಾರಾಳವಾಗಿ ಎಣ್ಣೆ ಬಿಡುತ್ತ, ಒಂದೇ ಲಯದಲ್ಲಿ ಮೇಲೆ ಕೆಳಗೆ ಆಡಿಸಬೇಕು. ತಿರುಗುವ ಮತ್ತು ಏರಿಳಿಯುವ ವೇಗಗಳು ಹೊಂದಿಕೊಂಡಾಗ ಗೆರೆಗಳು ಸುಮಾರು 45ರಿಂದ 60 ಡಿಗ್ರಿ ಕೋನದಲ್ಲಿ ಒಂದನ್ನೊಂದು ಕತ್ತರಿಸುತ್ತವೆ. ಹೊಳಪು ಹೋಗಿ ಗೋಡೆಯುದ್ದಕ್ಕೂ ಬೂದು ಬಣ್ಣದ ಒಂದೇ ಸಮನಾದ ಜಾಲ ಕಂಡೊಡನೆ ನಿಲ್ಲಿಸಬೇಕು. ತಿರುಗುತ್ತಿರುವಾಗಲೇ ಹೋನನ್ನು ಹೊರಗೆಳೆದರೆ ಉದ್ದುದ್ದ ಗೀರು ಬೀಳುತ್ತದೆ. ಎಮರಿ ಕಾಗದವನ್ನು ಬೆರಳಿಗೆ ಸುತ್ತಿ ಮೇಲೆ ಕೆಳಗೆ ಉಜ್ಜುವ ಪದ್ಧತಿ ಹಲವೆಡೆ ಇದೆ. ಅದರಿಂದ ಬೀಳುವ ನೆಟ್ಟನೆಯ ಗೀರುಗಳಲ್ಲಿ ಒತ್ತಡವೂ ಎಣ್ಣೆಯೂ ಸೋರುವುದರಿಂದ ಮಾಡದಿರುವುದೇ ಲೇಸು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಹಗುರವಾದ ವೀಡ್ ಕಟ್ಟರ್, ಚೈನ್ ಗರಗಸಗಳ ಅಲ್ಯೂಮಿನಿಯಂ ಸಿಲಿಂಡರಿನ ಒಳಗೆ ಕ್ರೋಮಿಯಂ ಅಥವಾ ನಿಕ್ಕಲ್ ಆಧಾರಿತ ತೆಳುವಾದ ಗಟ್ಟಿ ಲೇಪವಿರುತ್ತದೆ. ಎರಕದ ಕಬ್ಬಿಣಕ್ಕೆಂದು ಮಾಡಿದ ಕಲ್ಲನ್ನು ಅದರ ಮೇಲೆ ಆಡಿಸಿದರೆ ಲೇಪವೇ ಕಿತ್ತುಬಂದು ಸಿಲಿಂಡರ್ ಕೈತಪ್ಪುತ್ತದೆ. ಟೂ ಸ್ಟ್ರೋಕ್ ಸಿಲಿಂಡರಿನ ಗೋಡೆಯಲ್ಲಿ ಗಾಳಿ, ಹೊಗೆಗಳ ಕಿಂಡಿಗಳಿರುವುದರಿಂದ ಕಲ್ಲು ಅವುಗಳ ಅಂಚಿಗೆ ಸಿಕ್ಕಿಬೀಳುವ ಅಪಾಯವೂ ಇದೆ. ತಯಾರಕರ ಸೂಚನೆ ಹೋನಿಂಗ್ ಬೇಡವೆಂದಿದ್ದರೆ ಅದೇ ಪ್ರಮಾಣ.

ತೊಳೆದ ನೀರು ಹೋಗುವುದೆಲ್ಲಿಗೆ?

ಹೋನಿಂಗ್ ಮಾಡಿದವರೂ ಎಡವುವುದು ತೊಳೆಯುವಲ್ಲಿ. ಕಲ್ಲಿನಿಂದ ಉದುರಿದ ಪುಡಿ ಗೆರೆಗಳೊಳಗೆ ಕೂತಿರುತ್ತದೆ. ಸೀಮೆಎಣ್ಣೆಯಲ್ಲೋ ಪೆಟ್ರೋಲಿನಲ್ಲೋ ಒರೆಸಿದರೆ ಜಿಡ್ಡು ಹೋಗುತ್ತದೆ, ಪುಡಿ ಉಳಿಯುತ್ತದೆ. ಉಳಿದ ಪುಡಿ ಹೊಸ ರಿಂಗನ್ನೂ ಬೇರಿಂಗನ್ನೂ ಕೆಲವೇ ಗಂಟೆಗಳಲ್ಲಿ ಅರೆಯಬಲ್ಲದು. ಬಿಸಿನೀರು, ಸಾಬೂನು, ಗಡುಸಾದ ಬ್ರಶ್ಶು ಇವೇ ಸರಿಯಾದ ಸಾಧನ. ಬಿಳಿ ಬಟ್ಟೆಯಿಂದ ಒರೆಸಿದಾಗ ಬಟ್ಟೆ ಬಿಳಿಯಾಗಿಯೇ ಬರುವವರೆಗೆ ತೊಳೆದು, ಒಣಗಿದ ಕೂಡಲೇ ಎಣ್ಣೆ ಸವರಬೇಕು. ಇಲ್ಲದಿದ್ದರೆ ಮಲೆನಾಡಿನ ಗಾಳಿಯಲ್ಲಿ ಬಹುಬೇಗ ತುಕ್ಕು ಹಿಡಿಯುತ್ತದೆ. ಜೋಡಿಸಿದ ಮೇಲೆ ಎಂಜಿನ್ನನ್ನು ಭಾರವಿಲ್ಲದೆ ಬಹಳ ಹೊತ್ತು ಓಡಿಸುವುದೂ ತಪ್ಪು, ಮೊದಲ ದಿನವೇ ಪೂರ್ತಿ ಭಾರ ಹೊರಿಸುವುದೂ ತಪ್ಪು. ಮೊದಲ ಕೆಲವು ಗಂಟೆ ಮಧ್ಯಮ ಭಾರದಲ್ಲಿ ದುಡಿಸಿದರೆ ಉರಿಯ ಒತ್ತಡವೇ ರಿಂಗನ್ನು ಗೋಡೆಗೆ ಒತ್ತಿ ಒಗ್ಗಿಸುತ್ತದೆ. ಫೋರ್ ಸ್ಟ್ರೋಕ್ ಎಂಜಿನ್ನಾದರೆ ಎಂಟು–ಹತ್ತು ಗಂಟೆಗಳ ನಂತರ ಆಯಿಲ್ ಬದಲಿಸಬೇಕು.

ಆ ಹಳೆಯ ಆಯಿಲ್ ಎಲ್ಲಿಗೆ ಹೋಗುತ್ತದೆ? ಪರಿಸರದ ಪ್ರಶ್ನೆ ಇಲ್ಲಿ ಎದ್ದು ನಿಲ್ಲುತ್ತದೆ. ಒಂದು ಸಲದ ಆಯಿಲ್ ಬದಲಾವಣೆಯಿಂದ ಬರುವ ಹಳೆಯ ಎಣ್ಣೆ ಹತ್ತು ಲಕ್ಷ ಗ್ಯಾಲನ್, ಎಂದರೆ ಸುಮಾರು 38 ಲಕ್ಷ ಲೀಟರ್ ಸಿಹಿನೀರನ್ನು ಕೆಡಿಸಬಲ್ಲದೆಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಎಚ್ಚರಿಸುತ್ತದೆ. ತಿಕೋಟಾದಲ್ಲಿ ಅದನ್ನು ಬದುವಿನ ಮೇಲೆ ಚೆಲ್ಲಿದರೆ ಅಲ್ಲಿಯ ಬಾವಿಗೆ ಕಂಟಕ. ಬೆಟ್ಟದ ಹಳ್ಳದಲ್ಲಿ ಚೆಲ್ಲಿದರೆ ಕೆಳಗಿನ ಎಲ್ಲ ಊರುಗಳಿಗೂ. ಬಬಲೇಶ್ವರದ ಹೊಲಕ್ಕೆ ಏರುವ ಕೃಷ್ಣೆಯೂ ಮಹಾಬಳೇಶ್ವರದ ಬಳಿ ಸಹ್ಯಾದ್ರಿಯಲ್ಲಿಯೇ ಹುಟ್ಟುತ್ತದೆಂಬುದನ್ನು ಬೆಟ್ಟದವರು ಮರೆಯಬಾರದು. ಕೇಂದ್ರ ಸರ್ಕಾರ ಬಳಸಿದ ಎಣ್ಣೆಯ ಹೊಣೆಯನ್ನು ತಯಾರಕರ ಮೇಲೆ ಹೊರಿಸುವ ನಿಯಮವನ್ನು 2023ರಲ್ಲಿ ಪ್ರಕಟಿಸಿ 2024ರ ಏಪ್ರಿಲ್ 1ರಿಂದ ಜಾರಿಗೆ ತಂದಿದೆ. ಆದರೆ ಹಳ್ಳಿಯ ಮನೆಯ ಅರ್ಧ ಲೀಟರ್ ಎಣ್ಣೆಯನ್ನು ಒಟ್ಟುಗೂಡಿಸುವ ಡಬ್ಬಿಯೊಂದು ಊರಿನಲ್ಲಿ ಇಲ್ಲದಿದ್ದರೆ ಆ ನಿಯಮ ಕಾಗದದಲ್ಲಿಯೇ ಉಳಿಯುತ್ತದೆ.

ಎರಡು ಆಕ್ಷೇಪಗಳು

ಎಣ್ಣೆಯ ಎಂಜಿನ್ನನ್ನೇ ಬಿಟ್ಟು ಬ್ಯಾಟರಿಗೆ, ವಿದ್ಯುತ್ತಿಗೆ ಹೋಗಬಾರದೇಕೆ ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದು. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯ ಹುಲ್ಲು ಕತ್ತರಿಸುವ, ಎಲೆ ಊದುವ ಸಣ್ಣ ಎಂಜಿನ್ನುಗಳ ಹೊಗೆಯನ್ನು ಕಂಡು 2021ರಲ್ಲಿ ಕಾನೂನು ಮಾಡಿ, 2024ರ ಮಾದರಿಗಳಿಂದ ಹೊಸ ಯಂತ್ರಗಳು ಹೊಗೆರಹಿತವಾಗಿರಬೇಕೆಂದು ವಿಧಿಸಿತು. ಬೆನ್ನಿಗೆ ಹೊರುವ ಬ್ಯಾಟರಿ ಸ್ಪ್ರೇಯರ್ ಕನ್ನಡ ನಾಡಿನ ಹಳ್ಳಿಗಳಿಗೂ ಬಂದಿದೆ. ಅದರಿಂದಾಗುವ ಕೆಲಸಕ್ಕೆ ಅದೇ ಸರಿ. ಆದರೆ ಎತ್ತರದ ಅಡಕೆ ಮರದ ಗೊನೆಗೆ ಬೋರ್ಡೋ ತಲುಪಿಸುವ ಒತ್ತಡ, ವಿದ್ಯುತ್ ತಂತಿಯಿಲ್ಲದ ಹೊಲದಲ್ಲಿ ನೀರೆತ್ತುವ ಶಕ್ತಿ ಎಲ್ಲ ರೈತರ ಕೈಗೆ ಇನ್ನೂ ಬ್ಯಾಟರಿಯಿಂದ ಎಟುಕಿಲ್ಲ. ಅಲ್ಲಿಯವರೆಗೆ ಓಡುವ ಎಂಜಿನ್ ಬಿಗಿಯಾಗಿ, ಹೊಗೆಯಿಲ್ಲದೆ ಓಡಬೇಕೆನ್ನುವುದು ಬದಲಾವಣೆಗೆ ವಿರೋಧವಾಗುವುದಿಲ್ಲ.

ದುರಸ್ತಿಗಿಂತ ಸಬ್ಸಿಡಿಯಲ್ಲಿ ಹೊಸದು ಕೊಳ್ಳುವುದೇ ಲಾಭವೆಂಬುದು ಎರಡನೆಯ ಆಕ್ಷೇಪ. ವೈಯಕ್ತಿಕ ಲೆಕ್ಕದಲ್ಲಿ ಇದು ಕೆಲವೊಮ್ಮೆ ನಿಜವಿರಬಹುದು. ಹಾಗೆ ನಿಜವಾಗುವಂತೆ ನೀತಿಯೇ ಮಾಡಿದೆ. ಕೃಷಿ ಯಾಂತ್ರೀಕರಣದ ಹೆಸರಿನಲ್ಲಿ ಯಂತ್ರ ಕೊಳ್ಳಲು ಸಹಾಯಧನವಿದೆ. ಕೊಂಡ ಯಂತ್ರ ಹೊಗೆ ಉಗುಳಲು ಆರಂಭಿಸಿದಾಗ ಅದನ್ನು ಸರಿಪಡಿಸುವ ಕೈಗೆ ಬೆಂಬಲ ಎಲ್ಲಿದೆ? ಕೇಂದ್ರ ಸರ್ಕಾರ 2022ರ ಡಿಸೆಂಬರ್ 24ರಂದು ದುರಸ್ತಿಯ ಹಕ್ಕಿನ ಜಾಲತಾಣವನ್ನು ತೆರೆದಾಗ ಅದರ ನಾಲ್ಕು ವಿಭಾಗಗಳಲ್ಲಿ ಕೃಷಿ ಉಪಕರಣವನ್ನೂ ಒಂದಾಗಿ ಸೇರಿಸಿತು. ಒಳ್ಳೆಯ ಹೆಜ್ಜೆ. ಆದರೆ ಕೈಪಿಡಿ ಇಂಗ್ಲಿಷಿನಲ್ಲಿದ್ದು, ರಿಂಗ್ ಸೆಟ್ ಪೇಟೆಯಲ್ಲಿ ಸಿಗದೆ, ಅಳೆಯುವ ಸಾಧನ ಸುತ್ತ ಎಲ್ಲಿಯೂ ಇಲ್ಲದಿದ್ದರೆ ಹಕ್ಕೊಂದರಿಂದಲೇ ಎಂಜಿನ್ ದುರಸ್ತಿಯಾಗದು.

ಆಗಬೇಕಾದ್ದು ದೊಡ್ಡದೇನೂ ಅಲ್ಲ. ಯಂತ್ರಗಳನ್ನು ಬಾಡಿಗೆಗೆ ಕೊಡುವ ಕೃಷಿ ಯಂತ್ರಧಾರೆ ಕೇಂದ್ರಗಳಲ್ಲಿ ಒಂದು ಬೋರ್ ಗೇಜ್, ಒಂದು ಫೀಲರ್ ಗೇಜ್, ಒಂದು ಹೋನ್, ಅವನ್ನು ಬಳಸಬಲ್ಲ ಒಬ್ಬ ತರಬೇತಾದ ಮಿಸ್ತ್ರಿ ಇರಲಿ. ಸಹಾಯಧನದಲ್ಲಿ ಮಾರುವ ಪ್ರತಿ ಎಂಜಿನ್ನಿಗೂ ಸವೆತದ ಮಿತಿಗಳನ್ನು ಒಳಗೊಂಡ ಕನ್ನಡ ಕೈಪಿಡಿ ಮತ್ತು ನಿಗದಿತ ವರ್ಷಗಳವರೆಗೆ ಬಿಡಿಭಾಗದ ಖಾತರಿ ಕಡ್ಡಾಯವಾಗಲಿ. ಐಟಿಐ ವಿದ್ಯಾರ್ಥಿಗಳು ಹಂಗಾಮಿಗೆ ಮುನ್ನ ಹಳ್ಳಿಗಳಲ್ಲಿ ಕಂಪ್ರೆಶನ್ ತಪಾಸಣೆಯ ಶಿಬಿರ ನಡೆಸಲಿ. ತಿಕೋಟಾದಲ್ಲಿ ಅಕ್ಟೋಬರಿನ ಚಾಟನಿಗೆ ಮೊದಲು, ಮಲೆನಾಡಿನಲ್ಲಿ ಮೇ ತಿಂಗಳಲ್ಲಿ. ಹಳೆಯ ಆಯಿಲ್ ಕೂಡಿಡುವ ಡ್ರಮ್ ಒಂದನ್ನು ಹಾಲಿನ ಡೇರಿಯ ಅಥವಾ ಸಹಕಾರಿ ಸಂಘದ ಅಂಗಳದಲ್ಲಿ ಇಡಲಿ, ಅದನ್ನು ಅಧಿಕೃತ ಸಂಗ್ರಹಕಾರರಿಗೆ ಒಪ್ಪಿಸುವ ಹೊಣೆ ಗ್ರಾಮ ಪಂಚಾಯಿತಿ ಹೊರಲಿ.

ಸರ್ಕಾರದ ದಾರಿ ಕಾಯದೆ ಮಾಡಬಹುದಾದದ್ದೂ ಇದೆ. ಸಿಂಪಡಣೆ ಮುಗಿದ ದಿನ ಫಿಲ್ಟರ್ ಸ್ವಚ್ಛಗೊಳಿಸಿ, ಟ್ಯಾಂಕ್ ಬರಿದು ಮಾಡಿ, ಪ್ಲಗ್ ತೆಗೆದು ಚಮಚ ಎಣ್ಣೆ ಬಿಟ್ಟು ಎರಡು ಸುತ್ತು ತಿರುಗಿಸಿ ಒಣ ಜಾಗದಲ್ಲಿಟ್ಟರೆ ಮುಂದಿನ ವರ್ಷದ ತುಕ್ಕು ತಪ್ಪುತ್ತದೆ. ಎಂಜಿನ್ ಮಿಸ್ತ್ರಿಯ ಬಳಿ ಹೋದಾಗ ರಿಂಗಿನ ಬೆಲೆಯ ಜೊತೆಗೆ ಸಿಲಿಂಡರ್ ಅಳೆದಿರಾ, ಸವೆತ ಎಷ್ಟು, ಹೋನಿಂಗ್ ಆಯಿತೇ, ಯಾವುದರಿಂದ ತೊಳೆದಿರಿ ಎಂಬ ನಾಲ್ಕು ಪ್ರಶ್ನೆಗಳನ್ನೂ ಕೇಳಬೇಕು. ಆ ಕೆಲಸಕ್ಕೆ ತಕ್ಕ ಕೂಲಿಯನ್ನೂ ಒಂದು ದಿನದ ಕಾಲಾವಕಾಶವನ್ನೂ ಕೊಡಬೇಕು. ಅವಸರ ಮಾಡುವ ಗಿರಾಕಿಗೆ ಅವಸರದ ಕೆಲಸವೇ ಸಿಗುತ್ತದೆ. ಅದರ ಹೊಗೆಯನ್ನು ಮೊದಲು ಉಸಿರಾಡುವವರು ಪೈಪು ಹಿಡಿದು ಎಂಜಿನ್ನಿನ ಪಕ್ಕದಲ್ಲಿ ನಿಲ್ಲುವ ಕೂಲಿಕಾರರು.